ಅಪ್‌ಡೇಟ್: ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕೊನೆಗೂ ಓದಿ ಮುಗಿಸಿದೆ

ಈ ಇಂಗ್ಲಿಷ್ ಕಾದಂಬರಿಯ ಮೊದಲ ಅಧ್ಯಾಯವನ್ನೇ ದಾಟಲಾಗುತ್ತಿಲ್ಲ, ಹೇಗೆ ಓದಲಿ ಎಂದು ಹಿಂದೆ ಇಲ್ಲಿ ಕೇಳಿದ್ದೆನಲ್ಲ, ಮಡಿಕೇರಿಯ ಈ ಬಿಡದ ಮಳೆಯಲ್ಲಿ 31 ಅಧ್ಯಾಯವೂ ಮುಗಿದವು. ಕೆಲಸಕ್ಕೆ ಬಂದದ್ದು ‘ಸಂಭಾಷಣೆ ಜೋರಾಗಿ ಓದಿ’ ಎಂಬ ಸಲಹೆ. ಕಥೆ ನಡೆಯುವ ಅಮೆರಿಕದ ಅಲಬಾಮಾ ರಾಜ್ಯದ ಆಡುಮಾತನ್ನು ಉಚ್ಚಾರದಂತೆಯೇ ಬರೆದಿರುವುದರಿಂದ ಎಷ್ಟೋ ಪದ ಡಿಕ್ಷನರಿಯಲ್ಲಿ ಸಿಗುವುದಿಲ್ಲ. ಕಿವಿಗೆ ಬಿದ್ದರೆ ತಟ್ಟನೆ ಹೊಳೆಯುತ್ತದೆ. ನೇರ ಕೋರ್ಟಿನ ವಿಚಾರಣೆಯ ಭಾಗಕ್ಕೆ ಹಾರಿ ಎಂಬ ಇನ್ನೊಂದು ಸಲಹೆ ಸರಿಹೋಗಲಿಲ್ಲ. ಮೊದಲ ಭಾಗದ 11 ಅಧ್ಯಾಯ ಬಿಟ್ಟರೆ ಊರಿನವರ ಪರಿಚಯವೇ ಆಗುವುದಿಲ್ಲ.

ಆ ವಿಚಾರಣೆ ಬರುವ 17ರಿಂದ 21ರವರೆಗಿನ ಅಧ್ಯಾಯಗಳನ್ನಂತೂ ಪೆನ್ಸಿಲ್ ಹಿಡಿದು ನಿಧಾನಕ್ಕೆ ಓದಿ. ಬಿಳಿಯ ಹುಡುಗಿಯೊಬ್ಬಳನ್ನು ಹೊಡೆದು ಅತ್ಯಾಚಾರ ಮಾಡಿದನೆಂಬ ಸುಳ್ಳು ಆರೋಪ ಟಾಮ್ ಎಂಬ ಕಪ್ಪು ಯುವಕನ ಮೇಲೆ. ಏಟು ಬಿದ್ದದ್ದು ಹುಡುಗಿಯ ಮುಖದ ಬಲಗಡೆಗೆ. ಟಾಮ್‌ನ ಎಡಗೈಯೋ, ಹತ್ತಿ ಯಂತ್ರಕ್ಕೆ ಸಿಕ್ಕಿ ಎಂದೋ ಶಕ್ತಿ ಕಳೆದುಕೊಂಡದ್ದು. ಎದುರು ನಿಂತವರು ಮುಖದ ಬಲಗಡೆಗೆ ಹೊಡೆಯುವುದು ಹೆಚ್ಚಾಗಿ ಎಡಗೈಯಿಂದಲೇ ತಾನೇ? ಇದಿಷ್ಟು ಕಣ್ಣೆದುರಿಗಿದ್ದೂ ಜ್ಯೂರಿ ಏನು ಹೇಳಿತೆಂದು ಓದಿದ ರಾತ್ರಿ ಮುಂದಿನ ಪುಟ ತಿರುವಲಾಗಲಿಲ್ಲ.

ಗೊತ್ತಿರದೇ ಇದ್ದ ಸಂಗತಿ: 1931ರಲ್ಲಿ ಅದೇ ಅಲಬಾಮಾದಲ್ಲಿ ಒಂಬತ್ತು ಕಪ್ಪು ಹುಡುಗರ ಮೇಲೆ ಸುಳ್ಳು ಅತ್ಯಾಚಾರದ ಆರೋಪ ಹೊರಿಸಿದ ಸ್ಕಾಟ್ಸ್‌ಬರೋ ಮೊಕದ್ದಮೆ ನಡೆದಿತ್ತು.