ಬೆಕ್ಕು ಲಿಟರ್ ಟ್ರೇ ಬಿಟ್ಟು ಕಾಲೊರಸಿನ ಮೇಲೆ ಉಚ್ಚೆ ಹೊಯ್ಯುತ್ತಿದೆ: ಪಶುವೈದ್ಯೆಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟ್ರೇ, ನಮ್ಮದು 3 ವರ್ಷದ ಗಂಡು ಬೆಕ್ಕು, ಆಪರೇಷನ್ ಆಗಿದೆ, ತೂಕ 4 ಕೆಜಿ. ಇಷ್ಟು ದಿನ ಲಿಟರ್ (ಮೂತ್ರ ಹೀರುವ ಪುಡಿ) ಹಾಕಿದ ಟ್ರೇನಲ್ಲೇ ಹೋಗ್ತಿತ್ತು. ಒಂದು ವಾರದಿಂದ ಕಾಲೊರಸಿನ ಮೇಲೆ, ಒಮ್ಮೊಮ್ಮೆ ಹಾಸಿಗೆ ಮೇಲೆ. ಟ್ರೇ ಇರೋದು ಯುಟಿಲಿಟಿಯಲ್ಲಿ, ವಾಷಿಂಗ್ ಮಷಿನ್ ಪಕ್ಕ. ಫಿನಾಯಿಲ್ ಹಾಕಿ ಒರೆಸಿದ್ರೂ ಮತ್ತೆ ಅಲ್ಲೇ ಹೊಯ್ಯುತ್ತೆ. ಈ ಹಟ ಬಿಡಿಸೋದು ಹೇಗೆ?

ಪಶುವೈದ್ಯೆ: ಹಟ ಅಲ್ಲ ಸರ್, ಬೈದು ಪ್ರಯೋಜನವಿಲ್ಲ. ಮೊದಲು ಅದು ಕೂರುವುದನ್ನು ಗಮನಿಸಿ. ಪದೇ ಪದೇ ಕೂತು, ತಿಣುಕಿ, ಒಂದೆರಡು ಹನಿ ಮಾತ್ರ ಬರ್ತಿದೆಯಾ? ಕೂಗುತ್ತಾ? ಹಿಂಭಾಗ ನೆಕ್ಕುತ್ತಲೇ ಇರುತ್ತಾ? ಹಾಗಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಗಂಡು ಬೆಕ್ಕಿನ ಮೂತ್ರನಾಳ ತೀರಾ ಕಿರಿದು, ಹರಳು, ಲೋಳೆ ಸೇರಿ ಕಟ್ಟಿಕೊಳ್ಳುತ್ತೆ. ಪೂರ್ತಿ ಕಟ್ಟಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ 24ರಿಂದ 48 ಗಂಟೆಯಲ್ಲಿ ಹೃದಯವೇ ನಿಲ್ಲಬಹುದು. ಎಷ್ಟೋ ಜನ ಮಲಬದ್ಧತೆ ಅಂದುಕೊಂಡು ಹರಳೆಣ್ಣೆ ಕುಡಿಸಿ ಒಂದು ದಿನ ಕಳೆದುಬಿಡ್ತಾರೆ.

ಧಾರಾಳವಾಗಿ ಹೊಯ್ದು ಆರಾಮಾಗಿದ್ದರೆ ಟ್ರೇ ಕಡೆ ನೋಡಿ. ಮಷಿನ್ ಸ್ಪಿನ್ ಆಗುವಾಗ ಒಮ್ಮೆ ಬೆಚ್ಚಿದರೆ ಸಾಕು, ಬೆಕ್ಕು ಆ ಮೂಲೆಗೆ ಕಾಲಿಡಲ್ಲ. ಸದ್ದಿಲ್ಲದ ಕಡೆ, ಊಟದ ಬಟ್ಟಲಿನಿಂದ ದೂರ ಇಡಿ. ಟ್ರೇ ಉದ್ದ ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗಿನ ಒಂದೂವರೆ ಪಟ್ಟು ಇರಬೇಕು. ಅಂಗಡಿ ಟ್ರೇಗಳು ಸಾಮಾನ್ಯವಾಗಿ ಚಿಕ್ಕವು. ದೊಡ್ಡ ಪ್ಲಾಸ್ಟಿಕ್ ಡಬ್ಬದ ಒಂದು ಬದಿಯನ್ನು ನೆಲದಿಂದ 10 ಸೆಂಮೀ ಉಳಿಸಿ ಕತ್ತರಿಸಿ, ಅಂಚು ಉಜ್ಜಿದರೆ ಅದೇ ಚೆನ್ನಾಗಿರುತ್ತೆ. ವಾಸನೆ ಬೆರೆಸದ, ಗಟ್ಟಿಕಟ್ಟುವ ಬೆಂಟೊನೈಟ್ (ಒಂದು ಬಗೆಯ ಜೇಡಿಮಣ್ಣು) ಲಿಟರ್ 5ರಿಂದ 7 ಸೆಂಮೀ ದಪ್ಪ ಹಾಕಿ, ದಿನಕ್ಕೆರಡು ಸಲ ಗಂಟು ತೆಗೆಯಿರಿ. ಕಮೋಡಿಗೆ ಹಾಕಬೇಡಿ, ಉಬ್ಬಿ ಪೈಪ್ ಕಟ್ಟುತ್ತೆ. ಒಂದು ಬೆಕ್ಕಿಗೆ ಎರಡು ಟ್ರೇ ಇದ್ದರೆ ಒಳ್ಳೇದು.

ಫಿನಾಯಿಲ್ ಇವತ್ತೇ ನಿಲ್ಲಿಸಿ. ಫೀನಾಲ್ ಜಾತಿಯ ರಾಸಾಯನಿಕ ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿದರೆ ಹೊಟ್ಟೆಗೆ ಹೋಯ್ತು. ಸಾಲದ್ದಕ್ಕೆ ಮೂತ್ರದ ವಾಸನೆಯೂ ಪೂರ್ತಿ ಹೋಗಲ್ಲ. ನಮ್ಮ ಮೂಗಿಗೆ ಹೋಯ್ತು ಅನಿಸುತ್ತೆ ಅಷ್ಟೆ. ಎನ್‌ಜೈಮ್ ಇರುವ ಬಟ್ಟೆ ಪುಡಿ 1 ಭಾಗಕ್ಕೆ 9 ಭಾಗ ಉಗುರುಬೆಚ್ಚನೆ ನೀರು ಸೇರಿಸಿ, ಕಲೆ ಮೇಲೆ 15 ನಿಮಿಷ ಬಿಟ್ಟು, ಚೆನ್ನಾಗಿ ತೊಳೆಯಿರಿ. ಕಾಲೊರಸು ಬಿಸಾಡಿಬಿಡಿ.

ಇನ್ನೊಬ್ಬರು: ಲಿಟರ್ ದುಬಾರಿ ಮೇಡಂ. ಮರಳು ಹಾಕಬಹುದಾ? ಸೊಸೆ ಬಸುರಿ, ಬೆಕ್ಕನ್ನೇ ಕಳಿಸಿಬಿಡಿ ಅಂತಾರೆ ಎಲ್ಲರೂ.

ಪಶುವೈದ್ಯೆ: ಮರಳು ಗಟ್ಟಿಕಟ್ಟಲ್ಲ, ಮೂತ್ರ ತಳಕ್ಕಿಳಿದು ನಾರುತ್ತೆ. ದಿನಾ ಪೂರ್ತಿ ಬದಲಿಸುವುದಾದರೆ ಹಾಕಿ. ಬೆಕ್ಕನ್ನು ಕಳಿಸಬೇಕಿಲ್ಲ ಅಮ್ಮ. ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡಬಲ್ಲ ಟಾಕ್ಸೊಪ್ಲಾಸ್ಮಾ ಅನ್ನೋ ಪರೋಪಜೀವಿ ಬೆಕ್ಕಿನ ಮಲದಲ್ಲಿ ಬಂದರೂ ಸೋಂಕು ತಗಲಿಸುವ ಹಂತಕ್ಕೆ ಬರಲು 1ರಿಂದ 5 ದಿನ ಬೇಕು. ದಿನಾ ತಪ್ಪದೆ ಟ್ರೇನಲ್ಲಿರುವ ಮಲ ತೆಗೆಯಿರಿ, ಆ ಕೆಲಸ ಸೊಸೆ ಬಿಟ್ಟು ಬೇರೆಯವರು ಮಾಡಲಿ. ಬೆಕ್ಕಿಗೆ ಹಸಿ ಮಾಂಸ ಬೇಡ. ಸೊಸೆಯೂ ಮಾಂಸ ಚೆನ್ನಾಗಿ ಬೆಂದದ್ದೇ ತಿನ್ನಲಿ, ಸೊಪ್ಪು ತೊಳೆದು ಬಳಸಲಿ.

ಮೊದಲು ಕೇಳಿದವರು: ಈಗ ನೋಡಿದೆ ಡಾಕ್ಟ್ರೇ. ಬೆಳಗ್ಗಿಂದ ಆರು ಸಲ ಕೂತಿದೆ. ಹಾಸಿಗೆ ಮೇಲೆ ನಾಕಾಣೆಯಷ್ಟಗಲ ಕಲೆ, ತಿಳಿ ಗುಲಾಬಿ ಬಣ್ಣ.

ಪಶುವೈದ್ಯೆ: ಅದು ರಕ್ತ. ಈಗಲೇ ಹೊರಡಿ, ಕತ್ತಲಾಗಿದ್ದರೆ ರಾತ್ರಿ ತೆರೆದಿರುವ ಕ್ಲಿನಿಕ್‌ಗೆ ಫೋನ್ ಮಾಡಿಕೊಂಡು. ಬುಟ್ಟಿಯಲ್ಲಿ ಟವೆಲ್ ಹಾಸಿ ಒಯ್ಯಿರಿ, ಹೊಟ್ಟೆ ಒತ್ತಿ ನೋಡಬೇಡಿ. ನೋವಿಗೆ ಅಂತ ಪ್ಯಾರಾಸಿಟಮಾಲ್ ಮಾತ್ರ ಕೊಡಲೇಬೇಡಿ. 500 ಮಿಗ್ರಾಂ ಮಾತ್ರೆಯ ಅರ್ಧವೂ ನಿಮ್ಮ ಬೆಕ್ಕಿನ ಪ್ರಾಣ ತೆಗೆಯಬಹುದು.