ಪದ ಬೇಕಾಗಿದೆ: ಟ್ಯಾಕ್ಸ್ ಅವಾಯ್ಡೆನ್ಸ್, ಟ್ಯಾಕ್ಸ್ ಇವೇಷನ್

ಕಲಬುರಗಿಯಿಂದ:

ಎಲ್ಲರಿಗೂ ಶರಣು. ತುರ್ತಾಗಿ ಎರಡು ಪದ ಬೇಕಾಗ್ಯಾವ.

ಇಲ್ಲಿಯ ದಾಲ್ ಮಿಲ್ಲಿನವರಿಗೂ ಗಂಜಿನ (ಧಾನ್ಯದ ಪೇಟೆಯ) ಅಡತಿ (ದಲ್ಲಾಳಿ) ಅಂಗಡಿಯವರಿಗೂ ತೆರಿಗೆ ಮಾಹಿತಿ ಸಭೆ ಇಟ್ಟುಕೊಂಡಿದ್ದಾರೆ. ಅದರ ಕರಪತ್ರ, ಫ್ಲೆಕ್ಸ್ ಎರಡನ್ನೂ ಕನ್ನಡಕ್ಕೆ ತರುವ ಕೆಲಸ ನನ್ನದು. ಫ್ಲೆಕ್ಸ್ ಅಂಗಡಿಯವರು ಸಂಜೆ ಆರರೊಳಗೆ ಮ್ಯಾಟರ್ ಬೇಕು ಅಂದಿದ್ದಾರೆ. ಟ್ಯಾಕ್ಸ್ ಅವಾಯ್ಡೆನ್ಸ್ ಬೇರೆ, ಟ್ಯಾಕ್ಸ್ ಇವೇಷನ್ ಬೇರೆ ಎಂಬುದೇ ತಲೆಬರಹ. ಮೊದಲನೆಯದು ಕಾನೂನೇ ಬಿಟ್ಟುಕೊಟ್ಟ ದಾರಿ, ಎರಡನೆಯದು ಅಪರಾಧ. ನನಗೆ ಕೊಟ್ಟಿರುವ ಹಳೆಯ ಅನುವಾದದಲ್ಲಿ ಎರಡಕ್ಕೂ ‘ತೆರಿಗೆ ತಪ್ಪಿಸುವಿಕೆ’ ಎಂದೇ ಇದೆ, ಅದನ್ನು ಇಟ್ಟುಕೊಂಡರೆ ತಲೆಬರಹವೇ ನಿಲ್ಲುವುದಿಲ್ಲ. ಗಂಜಿನಲ್ಲಿ ‘ಟ್ಯಾಕ್ಸ್ ಉಳಿಸೋದು’, ‘ಟ್ಯಾಕ್ಸ್ ಹೊಡಿಯೋದು’ ಅಂತಾರ. ಎರಡನೆಯದನ್ನು ಹತ್ತಡಿ ಫ್ಲೆಕ್ಸಿನ ಮೇಲೆ ಹಾಕುವಂತಿಲ್ಲ. ಮೊದಲನೆಯದಕ್ಕೆ ‘ತೆರಿಗೆ ಉಳಿತಾಯ’ ಸಾಕೇ? ಇವೇಷನ್‌ಗೆ ‘ತೆರಿಗೆ ವಂಚನೆ’ ಗಟ್ಟಿಯೇ? ದಯವಿಟ್ಟು ಬೇಗ ಹೇಳಿರಿ.

ಬೀದರಿನಿಂದ:

ವಂಚನೆ ಬೇಡ. ‘ಕಳವು’ ಮನೆಯಲ್ಲೇ ಇರುವಾಗ ಸಂಸ್ಕೃತದ ಬಾಗಿಲು ಬಡಿಯುವ ಅಗತ್ಯವಿಲ್ಲ. ಉಡು, ಉಡುಗೆ, ಅಡು, ಅಡುಗೆ, ಹಾಗೆಯೇ ತೆರು, ತೆರಿಗೆ. ಬೆಲೆ ತೆರುತ್ತೇವೆ, ದಂಡ ತೆರುತ್ತೇವೆ. ಕೊಟ್ಟು ತೀರಿಸಬೇಕಾದ್ದು ಎಂಬ ಅರ್ಥ ಧಾತುವಿನಲ್ಲೇ ಇದೆ. ಅದನ್ನು ಕೊಡದೆ ಇಟ್ಟುಕೊಂಡವನು ಕಳ್ಳ. ಆದ್ದರಿಂದ ‘ತೆರಿಗೆಗಳವು’ (ಮಳೆಗಾಲದ ಹಾಗೆ ಕಕಾರಕ್ಕೆ ಗಕಾರ, ‘ತೆರಿಗೆಕಳವು’ ಎಂದು ಬರೆಯಬೇಡಿರಿ). ಅವಾಯ್ಡೆನ್ಸ್‌ಗೆ ‘ತೆರಿಗೆ ನುಣುಚಿಕೆ’. ತೆರಿಗೆ, ಸುಂಕದಂಥ ಅಚ್ಚಗನ್ನಡ ಪದಗಳಿಂದಲೇ ನಮ್ಮ ಅರಸರ ಆಡಳಿತ ನೂರಾರು ವರ್ಷ ನಡೆದಿದೆ. ಈಗಲೂ ನಡೆಯುತ್ತದೆ.

ಬಸವಕಲ್ಯಾಣದಿಂದ:

ಸುಂಕ ಅಚ್ಚಗನ್ನಡವಲ್ಲ, ಶುಲ್ಕದ ತದ್ಭವ. ಇದನ್ನು ತಿಳಿಯದೆ ಶುದ್ಧಿಯ ಮಾತು ಆಡಬಾರದು. ‘ನುಣುಚಿಕೆ’ಯಂತೂ ಆಗದು. ಜವಾಬ್ದಾರಿಯಿಂದ ನುಣುಚಿಕೊಂಡ ಎನ್ನುವಾಗ ಅದು ಬೈಗುಳ. ಕಾನೂನು ಒಪ್ಪಿದ ಕೆಲಸಕ್ಕೆ ಬೈಗುಳವನ್ನು ಹೆಸರಾಗಿ ಇಡುವುದೇ?

ಹಿಂದಿಯವರು ಈ ಎರಡನ್ನು ಬಹಳ ಹಿಂದೆಯೇ ಬೇರ್ಪಡಿಸಿದ್ದಾರೆ: ಕರ ಪರಿಹಾರ, ಕರ ಅಪವಂಚನ. ‘ಪರಿಹಾರ’ ನಮಗೂ ಹೊಸದಲ್ಲ. ದಾನಶಾಸನಗಳಲ್ಲಿ ‘ಸರ್ವಬಾಧಾಪರಿಹಾರ’ ಎಂದು ಬರುತ್ತದೆ, ಎಲ್ಲ ತೆರಿಗೆ-ಕಾಟಗಳಿಂದ ಬಿಡುಗಡೆ ಎಂದರ್ಥ. ಆದ್ದರಿಂದ ‘ಕರಪರಿಹಾರ’ ಮತ್ತು ‘ಕರವಂಚನೆ’. ಈ ವಿಷಯಕ್ಕೆ ಸಂಸ್ಕೃತದಲ್ಲಿ ಒಂದು ನ್ಯಾಯವೂ (ದೃಷ್ಟಾಂತದ ಮಾತು) ಇದೆ: ಘಟ್ಟಕುಟೀಪ್ರಭಾತ. ಸುಂಕ ತಪ್ಪಿಸಲು ಹೇರು ಹೊಡೆದುಕೊಂಡು ರಾತ್ರಿಯೆಲ್ಲ ಅಡ್ಡದಾರಿ ಸುತ್ತಿದ ವರ್ತಕನಿಗೆ ಬೆಳಗಾದದ್ದು ಸುಂಕದ ಕಟ್ಟೆಯ ಮುಂದೆಯೇ. ಕರಪತ್ರದಲ್ಲಿ ಇದನ್ನು ಹಾಕಿರಿ, ಸೊಗಸಾಗಿರುತ್ತದೆ.

ಯಾದಗಿರಿಯಿಂದ:

ಧಾತು, ತದ್ಭವ ಆಮೇಲೆ ನೋಡೋಣ. ವಸ್ತು ಏನು ಅಂತ ಮೊದಲು ತಿಳಕೊಳ್ರಿ. ನಾನು ದಿನಾ ಈ ಕಡತಗಳ ನಡುವೆಯೇ ಇರುವವನು, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಆ ವರ್ತಕನನ್ನೇ ತೆಗೆದುಕೊಳ್ಳಿ. ಹೇರು ಸುಂಕದ ಸೀಮೆಯೊಳಗೆ ಬಂದಾಗಿದೆ, ಬಾಕಿ ಹುಟ್ಟಿದೆ, ಈಗ ಕಣ್ಣು ತಪ್ಪಿಸಿ ಓಡಾಡುತ್ತಿದ್ದಾನೆ. ಅದು ಇವೇಷನ್. ಸುಂಕವೇ ಇಲ್ಲದ ಊರಿನ ಸಂತೆಗೆ ಹೋಗಿ ಅದೇ ಸರಕು ಮಾರಿದ್ದರೆ ಬಾಕಿ ಹುಟ್ಟುತ್ತಲೇ ಇರಲಿಲ್ಲ. ಅದು ಅವಾಯ್ಡೆನ್ಸ್. ಹುಟ್ಟಿದ ಬಾಕಿಯನ್ನು ಮುಚ್ಚಿಡುವುದು ಒಂದು, ಬಾಕಿ ಹುಟ್ಟದಂತೆ ವ್ಯವಹಾರ ಜೋಡಿಸಿಕೊಳ್ಳುವುದು ಇನ್ನೊಂದು. ಯಾವ ಪದ ತಂದರೂ ಈ ಗೆರೆ ಅದರಲ್ಲಿ ಕಾಣಬೇಕು.

ಸಭೆಗೆ ಬರುವವರು ಬೇಳೆಯವರು, ಹಾಗಾಗಿ ಬೇಳೆಯದೇ ಉದಾಹರಣೆ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೇಳೆಗೆ 5% ಜಿಎಸ್‌ಟಿ ಬಂತು, 25 ಕಿಲೋವರೆಗಿನ ಪ್ಯಾಕಿಗೆ ಮಾತ್ರ. ಒಬ್ಬ ಮಿಲ್ಲಿನವರು ತೊಗರಿಬೇಳೆಯನ್ನು 30 ಕಿಲೋ ಚೀಲದಲ್ಲಿ ತುಂಬಿ, ಬಿಲ್ ಹರಿದು ಕೊಟ್ಟು, ಲೆಕ್ಕಕ್ಕೆ ತಗೊಂಡು ಮಾರಿದರು. ತೆರಿಗೆ ಇಲ್ಲ, ತಪ್ಪೂ ಇಲ್ಲ. ಇನ್ನೊಬ್ಬರು 10 ಕಿಲೋದ ಮೂರು ಪ್ಯಾಕೆಟ್ ಒಂದೇ ಚೀಲದೊಳಗೆ ಹಾಕಿ ಬಾಯಿ ಹೊಲಿದು 30 ಕಿಲೋ ಅಂದರು. ನಡೆಯೋದಿಲ್ಲ. ಒಳಗಿನವು ಚಿಲ್ಲರೆ ಮಾರಾಟದ ಪ್ಯಾಕೆಟ್, ತೆರಿಗೆ ಬೀಳುತ್ತದೆ ಅಂತ ಆಗಲೇ ಕೇಂದ್ರದ ಸ್ಪಷ್ಟೀಕರಣ ಬಂದಿದೆ. ಮೂರನೆಯವರು 25 ಕಿಲೋ ಚೀಲವನ್ನೇ ಕಚ್ಚಾ ಚೀಟಿ ಮೇಲೆ ಮಾರಿ ಪಕ್ಕಾ ಬಿಲ್ಲೇ ಹರಿಯಲಿಲ್ಲ. ಅದು ಚೊಕ್ಕ ಕಳ್ಳತನ. ಅಡತಿ ಕಮಿಷನ್ನನ್ನು ಹೊಲದ ಆದಾಯ ಅಂತ ತೋರಿಸುವುದೂ ಅದೇ ಸಾಲಿಗೆ ಸೇರಿದ್ದು, ಯಾಕಂದರೆ ಬೇಸಾಯದ ಆದಾಯಕ್ಕೆ ವಿನಾಯಿತಿ ಇರುವುದು ಬೆಳೆದವನಿಗೆ.

ಈಗ ‘ಉಳಿತಾಯ’ ಯಾಕೆ ಸಾಲದು ಅಂತ ಹೇಳುತ್ತೇನೆ. ಜೀವವಿಮೆ, ಪಿಪಿಎಫ್ ಕಟ್ಟಿ ಹಳೆಯ ತೆರಿಗೆ ಪದ್ಧತಿಯಲ್ಲಿ ಆದಾಯದಿಂದ ಒಂದೂವರೆ ಲಕ್ಷದವರೆಗೆ ಕಳೆದು ಲೆಕ್ಕ ಹಾಕುತ್ತೇವಲ್ಲ, ಅದು ಉಳಿತಾಯ. ಸರಕಾರವೇ ಬಾ ಅಂತ ಕರೆದದ್ದು. ಅವಾಯ್ಡೆನ್ಸ್ ಅದಕ್ಕಿಂತ ಅಗಲ. ಶಾಸನದ ಅಕ್ಷರಕ್ಕೆ ಸರಿ, ಆಶಯಕ್ಕೆ ದೂರ ಎನ್ನುವಂಥವೂ ಅದರಲ್ಲಿ ಬರುತ್ತವೆ. 1985ರಲ್ಲಿ ಮೆಕ್‌ಡೊವೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದೇ: ಕಾನೂನಿನ ಚೌಕಟ್ಟಿನೊಳಗೆ ಯೋಜನೆ ಮಾಡಿಕೊಳ್ಳಬಹುದು, ಬಣ್ಣ ಬಳಿದ ಉಪಾಯಗಳು ಯೋಜನೆ ಅಲ್ಲ. ಆಮೇಲೆ ‘ಗಾರ್’ ಬಂತು, ಅಂದರೆ ಅವಾಯ್ಡೆನ್ಸ್ ವಿರುದ್ಧದ ಸಾಮಾನ್ಯ ನಿಯಮ. 2012ರಲ್ಲಿ ಶಾಸನಕ್ಕೆ ಸೇರಿ, 2017ರ ಏಪ್ರಿಲ್ 1ರಿಂದ ಜಾರಿಗೆ ಬಂತು. ತೆರಿಗೆ ತಪ್ಪಿಸುವುದೇ ಮುಖ್ಯ ಉದ್ದೇಶ, ವ್ಯವಹಾರದಲ್ಲಿ ತಿರುಳಿಲ್ಲ, ತಪ್ಪಿದ ತೆರಿಗೆ ವರ್ಷಕ್ಕೆ 3 ಕೋಟಿ ಮೀರಿದೆ ಅಂತಾದರೆ ಆ ಲಾಭವನ್ನು ಇಲಾಖೆ ಕಿತ್ತುಕೊಳ್ಳಬಹುದು. ಅದನ್ನು ‘ಉಳಿತಾಯ ವಿರೋಧಿ ನಿಯಮ’ ಅಂತ ಬರೆದರೆ ಓದುವವರು ಏನಂತಾರ? ‘ಕರಪರಿಹಾರ ವಿರೋಧಿ ನಿಯಮ’ ಅಂದರೂ ಅದೇ ಪಾಡು. ಬೆಳೆ ಪರಿಹಾರ, ಬರ ಪರಿಹಾರ ಕೇಳುವ ನಮ್ಮ ಜನಕ್ಕೆ ಪರಿಹಾರ ಅಂದರೆ ಖಾತೆಗೆ ಬರುವ ದುಡ್ಡು. ದಾನಶಾಸನದ ಪರಿಹಾರವನ್ನೂ ಅರಸ ಕೊಡುತ್ತಿದ್ದ. ಇಲ್ಲಿ ಯಾರೂ ಕೊಡುವುದಿಲ್ಲ, ತಾನೇ ಮಾಡಿಕೊಳ್ಳುವುದು.

ಇವೇಷನ್‌ಗೆ ಮಾತ್ರ ಹಿಂದೆಮುಂದೆ ನೋಡಬೇಡಿರಿ, ‘ತೆರಿಗೆ ವಂಚನೆ’ಯೇ ಸರಿ. 2026ರ ಮಾರ್ಚ್‌ವರೆಗಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 276ಸಿಯಲ್ಲಿ ಮೊತ್ತ 25 ಲಕ್ಷ ದಾಟಿದರೆ ಆರು ತಿಂಗಳಿಂದ ಏಳು ವರ್ಷದವರೆಗೆ ಸೆರೆ ಇತ್ತು. ಜಿಎಸ್‌ಟಿಯಲ್ಲಿ 5 ಕೋಟಿ ಮೀರಿದರೆ ಐದು ವರ್ಷದವರೆಗೆ. ಬೇಕಂತಲೇ ಮಾಡಿದ್ದು ಅಂತ ರುಜುವಾತಾದರೆ ಈ ಶಿಕ್ಷೆ. ಆ ಬೇಕಂತ ಮಾಡುವಿಕೆ ‘ವಂಚನೆ’ಯಲ್ಲಿ ಇದೆ, ‘ತಪ್ಪಿಸುವಿಕೆ’ಯಲ್ಲಿ ಇಲ್ಲ.

ಬೀದರಿನಿಂದ:

‘ಕಳವು’ ಬೇಕಂತ ಮಾಡುವುದಲ್ಲವೇ? ಮರೆತು ಯಾರು ಕದಿಯುತ್ತಾರೆ? ವಾದ ನಿಲ್ಲದು.

ಸುಂಕದ ವಿಷಯ ಬಿಟ್ಟಿದ್ದೇನೆ. ಆದರೆ ಯಾದಗಿರಿಯವರ ಓಲೆಯಲ್ಲಿ ಬಾಕಿ, ಕಚ್ಚಾ, ಪಕ್ಕಾ, ಜಾರಿ, ರುಜುವಾತು ಎಲ್ಲ ಬಂದಿವೆ. ನಿಜಾಮರ ಕಾಲದ ದಫ್ತರ ಇನ್ನೂ ಮುಚ್ಚಿಲ್ಲವೇ? ಬಾಕಿಗೆ ‘ಉಳಿಕೆ’ ಇದೆ. ಬಳಸಿರಿ.

ಕಲಬುರಗಿಯಿಂದ:

ಸರ್, ಗಂಜಿನಲ್ಲಿ ಬಾಕಿ, ಜಮಾ, ಖರ್ಚು, ವಸೂಲಿ, ರಸೀದಿ ಇವನ್ನೆಲ್ಲ ತೆಗೆದರೆ ಕಿರ್ದಿ ಪುಸ್ತಕದಲ್ಲಿ ಒಂದು ಸಾಲೂ ಬರೆಯಲಾಗುವುದಿಲ್ಲ. ನಿಜಾಮರ ಸುಂಕದ ಇಲಾಖೆಗೆ ‘ಕರೋಡಗಿರಿ’ ಅಂತಿದ್ದರು. ಆ ಇಲಾಖೆ ಹೋಯಿತು, ಪದವೂ ಹೋಯಿತು. ‘ಬಾಕಿ’ ಹೋಗಲಿಲ್ಲ, ಯಾಕಂದರೆ ಅದರ ಕೆಲಸ ಮುಗಿದಿಲ್ಲ. ‘ಉಳಿಕೆ’ ಅಂದರೆ ನಮ್ಮ ಕಡೆ ಕೈಯಲ್ಲಿ ಉಳಿದದ್ದು. ಕೊಡಬೇಕಾದ್ದಕ್ಕೆ ಉಳಿಕೆ ಅಂತ ಬರೆದರೆ ಲೆಕ್ಕವೇ ಉಲ್ಟಾ ಆಗುತ್ತದೆ. ಊರಿನ ವ್ಯಾಪಾರಿಗೆ ಅರ್ಥ ಆಗುವ ಪದವನ್ನು ಪರಕೀಯ ಅನ್ನಬೇಡಿರಿ. ಅದನ್ನು ಕೇಳಿ ನನಗೆ ಬಹಳ ಬೇಸರ ಆಗುತ್ತದೆ.

ಈಗ ನಾಲ್ಕೂವರೆ. ಅವಾಯ್ಡೆನ್ಸ್‌ಗೆ ಪದ ಇನ್ನೂ ಸಿಕ್ಕಿಲ್ಲ.

ಬಸವಕಲ್ಯಾಣದಿಂದ:

‘ಪರಿಹಾರ’ ಕೈಬಿಡುತ್ತೇನೆ, ಬರ ಪರಿಹಾರದ ಮಾತು ಒಪ್ಪತಕ್ಕದ್ದು. ಒಂದು ಮಾತು ಮಾತ್ರ ಸೇರಿಸಿಕೊಳ್ಳಿರಿ. ಅವಿಭಕ್ತ ಕುಟುಂಬಕ್ಕೆ ಬೇರೆ ಫೈಲ್ ಮಾಡಿಸುವುದನ್ನು ಆದಾಯ ತೆರಿಗೆ ಕಾನೂನು ಒಪ್ಪಿದೆ. ಆ ಕುಟುಂಬದ ಆಸ್ತಿ, ಪಾಲುಗಳ ವಿಚಾರವನ್ನು ನಿರ್ಣಯಿಸಿದ ‘ಮಿತಾಕ್ಷರ’ವನ್ನು ವಿಜ್ಞಾನೇಶ್ವರ ಬರೆದದ್ದು ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದಾಗ, ನಮ್ಮ ಕಲ್ಯಾಣದಲ್ಲಿ. ಸಂಸ್ಕೃತ ಈ ನೆಲದ ವ್ಯವಹಾರಕ್ಕೆ ಹೊರಗಿನದು ಎನ್ನುವವರು ಇದನ್ನು ನೆನಪಿಡಲಿ.

ಯಾದಗಿರಿಯಿಂದ:

ಕಲಬುರಗಿ ಮೇಡಂ, ಅವಾಯ್ಡೆನ್ಸ್‌ಗೆ ‘ತಗ್ಗಿಸಿಕೊಳ್ಳುವಿಕೆ’ ಹಾಕಿರಿ. ‘ತೆರಿಗೆ ತಗ್ಗಿಸುವಿಕೆ’ ಅಂದರೆ ಸರಕಾರ ದರ ಇಳಿಸಿದ ಹಾಗೆ ಆಗುತ್ತದೆ. ‘ಕೊಳ್ಳು’ ಸೇರಿದರೆ ತೆರಿಗೆದಾರ ತನಗಾಗಿ ಮಾಡಿಕೊಂಡದ್ದು ಅಂತ ತಿಳಿಯುತ್ತದೆ. ‘ತಪ್ಪಿಸಿಕೊಳ್ಳುವಿಕೆ’ ಬೇಡ, ಪೊಲೀಸರಿಂದ ತಪ್ಪಿಸಿಕೊಂಡವನ ನೆನಪಾಗುತ್ತದೆ. ತಗ್ಗಿಸಿಕೊಳ್ಳುವುದರಲ್ಲಿ ಹೊಗಳಿಕೆ ಇಲ್ಲ, ಬೈಗುಳವೂ ಇಲ್ಲ. ಮುಂದೆ ‘ಒಪ್ಪಿತ’ ಹಚ್ಚಬಹುದು, ‘ಒಪ್ಪದ’ ಹಚ್ಚಬಹುದು. ‘ತೆರಿಗೆ ತಗ್ಗಿಸಿಕೊಳ್ಳುವಿಕೆ ತಡೆ ನಿಯಮ’ ಅಂದರೂ ಅರ್ಥ ಕೆಡುವುದಿಲ್ಲ. ಪದ ಉದ್ದ ಆಯಿತು ಅನ್ನುವವರು ಅನ್ನಲಿ.

ಕಲಬುರಗಿಯಿಂದ:

ಇದೇ ಇಟ್ಟುಕೊಂಡೆ. ಫ್ಲೆಕ್ಸಿಗೆ ನಾಮಪದ ಬಿಟ್ಟು ಕ್ರಿಯಾಪದದಲ್ಲೇ ಬರೆದಿದ್ದೇನೆ: ‘ತೆರಿಗೆ ತಗ್ಗಿಸಿಕೊಳ್ಳುವುದು ಬೇರೆ, ತೆರಿಗೆ ವಂಚಿಸುವುದು ಬೇರೆ’. ಕರಪತ್ರದಲ್ಲಿ ಎರಡೂ ನಾಮಪದ, ಕೆಳಗೆ ಬಾಕಿ ಹುಟ್ಟುವ ವಿವರಣೆ, ಬೇಳೆಯ ಮೂರೂ ಚೀಲದ ಉದಾಹರಣೆ. ಘಟ್ಟಕುಟೀಪ್ರಭಾತಕ್ಕೆ ಜಾಗ ಸಿಗಲಿಲ್ಲ, ಕಲ್ಯಾಣದ ಸರ್ ಕ್ಷಮಿಸಬೇಕು. ಮ್ಯಾಟರ್ ಕಳಿಸಿದೆ. ಎಲ್ಲರಿಗೂ ಶರಣಾರ್ಥಿ.

ಬೀದರಿನಿಂದ:

‘ತಗ್ಗಿಸಿಕೊಳ್ಳುವಿಕೆ’ ಕನ್ನಡದ್ದು, ಒಪ್ಪಿದೆ. ‘ವಂಚನೆ’ಗೆ ನನ್ನ ಒಪ್ಪಿಗೆ ಇಲ್ಲ.