ಯೂರೋ, ಡಾಲರ್, ರೂಪಾಯಿ ಒಂದೇ ಲೆಕ್ಕದಲ್ಲಿ: ಗ್ನೂಕ್ಯಾಶ್ ಬಳಸುವವರ ಅನುಭವ ಬೇಕಾಗಿದೆ

ಪ್ರಶ್ನೆ:
ನಾನು ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದೇನೆ. ಸಂಬಳ ಯೂರೋದಲ್ಲಿ ಬರುತ್ತದೆ. ಮೈಸೂರಿನ ಮನೆ ಸಾಲದ ಕಂತು ಎನ್‌ಆರ್‌ಇ ಖಾತೆಯಿಂದ (ಅನಿವಾಸಿ ಭಾರತೀಯರ ರೂಪಾಯಿ ಖಾತೆ) ಹೋಗುತ್ತದೆ. ಅಮೆರಿಕದಲ್ಲಿದ್ದಾಗಿನ ಡಾಲರ್ ಉಳಿತಾಯವೂ ಸ್ವಲ್ಪ ಇದೆ. ಎರಡು ವರ್ಷದ ಸ್ಟೇಟ್‌ಮೆಂಟ್‌ಗಳನ್ನು ಗ್ನೂಕ್ಯಾಶ್ ಎಂಬ ಲೆಕ್ಕದ ತಂತ್ರಾಂಶಕ್ಕೆ ಇಂಪೋರ್ಟ್ ಮಾಡಿದರೆ ಊರಿಗೆ ಕಳುಹಿಸಿದ ಹಣವೆಲ್ಲ ಎರಡೆರಡು ಸಲ ಕಾಣಿಸುತ್ತಿದೆ. ಎಲ್ಲವನ್ನೂ ಮೊದಲೇ ಎಕ್ಸೆಲ್‌ನಲ್ಲಿ ರೂಪಾಯಿಗೆ ಪರಿವರ್ತಿಸಿಕೊಳ್ಳಲೇ? ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ಉತ್ತರ 1:
ದಯವಿಟ್ಟು ಪರಿವರ್ತಿಸಬೇಡಿ, ಮೇಡಂ. ಸ್ಟುಟ್‌ಗಾರ್ಟ್‌ಗೆ ಬಂದ ಮೊದಲ ವರ್ಷ ನಾನು ಅದನ್ನೇ ಮಾಡಿ, ಕೊನೆಗೆ ಇಡೀ ವರ್ಷದ ಲೆಕ್ಕವನ್ನು ಅಳಿಸಿ ಮತ್ತೆ ಬರೆಯಬೇಕಾಯಿತು. ಯೂರೋ ಮೊತ್ತವನ್ನು ಒಮ್ಮೆ ರೂಪಾಯಿಗೆ ತಿರುಗಿಸಿಬಿಟ್ಟರೆ ಅದನ್ನು ಬ್ಯಾಂಕಿನ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡುವ ದಾರಿಯೇ ಮುಚ್ಚಿಹೋಗುತ್ತದೆ. ಗ್ನೂಕ್ಯಾಶ್‌ನಲ್ಲಿ ಒಂದು ಖಾತೆಗೆ ಒಂದೇ ಕರೆನ್ಸಿ. ಆದ್ದರಿಂದ ಇಂಪೋರ್ಟ್‌ಗೆ ಮೊದಲೇ ಮೂರು ಬ್ಯಾಂಕ್ ಖಾತೆಗಳನ್ನೂ ಅವುಗಳದೇ ಕರೆನ್ಸಿಯಲ್ಲಿ ತೆರೆದಿಡಿ.

ಹಣ ಎರಡು ಸಲ ಕಾಣಿಸುವುದಕ್ಕೆ ನನ್ನ ಪರಿಹಾರವೆಂದರೆ ‘ದಾರಿಯಲ್ಲಿರುವ ಹಣ’ ಎಂಬ ಇನ್ನೊಂದು ಯೂರೋ ಖಾತೆ. 2024ರ ಮಾರ್ಚ್ 7ರ ಗುರುವಾರ ನಾನು 1,000 ಯೂರೋ ಕಳುಹಿಸಿದೆ. ಮರುದಿನ ಮಹಾಶಿವರಾತ್ರಿ, ಆಮೇಲೆ ಎರಡನೇ ಶನಿವಾರ, ಭಾನುವಾರ. ಹೀಗಾಗಿ 89,550 ರೂಪಾಯಿ ಜಮೆಯಾದದ್ದು 11ರಂದು. ದಿನಾಂಕವೂ ಬೇರೆ, ಮೊತ್ತವೂ ಬೇರೆ ಇರುವಾಗ ಇವೆರಡೂ ಒಂದೇ ವ್ಯವಹಾರವೆಂದು ತಂತ್ರಾಂಶಕ್ಕೆ ತಿಳಿಯುವುದಾದರೂ ಹೇಗೆ? ಈಗ ಜರ್ಮನ್ ಫೈಲಿನ 1,000 ಯೂರೋ ಈ ನಡುವಿನ ಖಾತೆಗೆ ಹೋಗುತ್ತದೆ, ಅದರಲ್ಲಿ 5 ಯೂರೋ ಕಳುಹಿಸುವ ಶುಲ್ಕಕ್ಕೆ ಖರ್ಚಾಗುತ್ತದೆ, ಉಳಿದ 995 ಯೂರೋ ಎನ್‌ಆರ್‌ಇ ಖಾತೆಗೆ 89,550 ರೂಪಾಯಿಯಾಗಿ ಸೇರುತ್ತದೆ. ಜೋಡಿ ಖಾತೆ ಸಿಗದ ಸಾಲುಗಳನ್ನು ಗ್ನೂಕ್ಯಾಶ್ ತಾನಾಗಿ ಹಾಕುವ ‘ಇಂಬ್ಯಾಲೆನ್ಸ್’ ಖಾತೆಯಲ್ಲಿ ಬಿದ್ದಿರುವ ರೂಪಾಯಿ ಸಾಲಿಗೆ ಈ ನಡುವಿನ ಖಾತೆಯನ್ನು ಆರಿಸಿದಾಗ ವರ್ಗಾವಣೆಯ ಕಿಟಕಿ ತೆರೆಯುತ್ತದೆ; ಅಲ್ಲಿ ವಿನಿಮಯ ದರವನ್ನು ಟೈಪ್ ಮಾಡದೆ 995 ಎಂಬ ಮೊತ್ತವನ್ನೇ ಕೊಡಿ. ದರ, ಅಂದರೆ ಯೂರೋಗೆ 90 ರೂಪಾಯಿ, ತಾನಾಗಿ ಲೆಕ್ಕಕ್ಕೆ ಬರುತ್ತದೆ. ಅಂದಿನ ಮಾರುಕಟ್ಟೆ ದರವನ್ನು ಅಂತರ್ಜಾಲದಲ್ಲಿ ಹುಡುಕಿ ಹಾಕಿದರೆ ನಿಮಗೆ ನಿಜವಾಗಿ ಸಿಕ್ಕ ಹಣಕ್ಕೂ ಲೆಕ್ಕಕ್ಕೂ ಕೆಲವು ನೂರು ರೂಪಾಯಿಯ ವ್ಯತ್ಯಾಸ ಉಳಿದುಬಿಡುತ್ತದೆ. ತಿಂಗಳ ಕೊನೆಗೆ ನಡುವಿನ ಖಾತೆಯ ಶಿಲ್ಕು ಸೊನ್ನೆಯಾಗದಿದ್ದರೆ ಒಂದೋ ಹಣ ಇನ್ನೂ ತಲುಪಿಲ್ಲ, ಇಲ್ಲವೇ ಯಾವುದೋ ಶುಲ್ಕ ಬಿಟ್ಟುಹೋಗಿದೆ ಎಂದರ್ಥ.

ಜರ್ಮನ್ ಬ್ಯಾಂಕಿನ ಸಿಎಸ್‌ವಿ ಫೈಲುಗಳಲ್ಲಿ (ಸ್ಟೇಟ್‌ಮೆಂಟಿನ ಸಾಲು, ಅಂಕಣಗಳನ್ನು ಬರೀ ಪಠ್ಯವಾಗಿ ಕೊಡುವ ಫೈಲು) ಅಲ್ಪವಿರಾಮವೇ ದಶಮಾಂಶ ಚಿಹ್ನೆ, ಹಾಗಾಗಿ ಅಂಕಣಗಳನ್ನು ಅರ್ಧವಿರಾಮದಿಂದ ಬೇರ್ಪಡಿಸಿರುತ್ತಾರೆ. ನಮ್ಮ ಸ್ಟೇಟ್‌ಮೆಂಟಿನ 89,550.00 ಅಲ್ಲಿ 89.550,00 ಆಗುತ್ತದೆ. 07.03.2024 ಎಂಬುದನ್ನು ತಿಂಗಳು ಮೊದಲು ಎಂದು ಓದಿಸಿದರೆ ಮಾರ್ಚ್ 7 ಹೋಗಿ ಜುಲೈ 3 ಆಗುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಇಂಪೋರ್ಟ್ ಕಿಟಕಿಯಲ್ಲಿ ದಿನಾಂಕ ಮತ್ತು ಮೊತ್ತದ ಮಾದರಿಯನ್ನು ಪ್ರತಿ ಬ್ಯಾಂಕಿಗೂ ಬೇರೆಯಾಗಿ ಆರಿಸಿ, ಆ ಆಯ್ಕೆಗಳನ್ನು ಬ್ಯಾಂಕಿನ ಹೆಸರಿನಲ್ಲಿ ಉಳಿಸಿಕೊಳ್ಳಿ.

ಉತ್ತರ 2:
ಮೇಲಿನವರು ಹೇಳಿದ ನಡುವಿನ ಖಾತೆಯನ್ನು ನಾನೂ ಇಟ್ಟುಕೊಂಡಿದ್ದೇನೆ, ಆದರೆ ಎಚ್‌ಲೆಡ್ಜರ್ ಎಂಬ, ಪಠ್ಯ ಫೈಲಿನಲ್ಲೇ ಲೆಕ್ಕ ಬರೆಯುವ ತಂತ್ರಾಂಶದಲ್ಲಿ. ಅಲ್ಲಿ ‘995 ಯೂರೋ @@ 89550 ರೂಪಾಯಿ’ ಎಂದು ಬರೆದರೆ ಎರಡು @ ಚಿಹ್ನೆಗಳು ಒಟ್ಟು ಮೊತ್ತವನ್ನು ಸೂಚಿಸುತ್ತವೆ, ಒಂದೇ @ ಇದ್ದರೆ ಬಿಡಿ ದರವನ್ನು. ಪ್ರತಿ ಬ್ಯಾಂಕಿಗೂ ಒಂದು ನಿಯಮಗಳ ಫೈಲು ಬರೆದು ದಿನಾಂಕದ ಮಾದರಿ, ದಶಮಾಂಶ ಚಿಹ್ನೆಗಳನ್ನು ಅದರಲ್ಲಿ ನಮೂದಿಸಿಟ್ಟರೆ ಪ್ರತಿ ತಿಂಗಳೂ ಅದೇ ಸಾಕು. ಕಲಿಯಲು ನನಗೆ ಒಂದು ವಾರ ಹಿಡಿಯಿತು, ಆ ಶ್ರಮ ವ್ಯರ್ಥವಾಗಲಿಲ್ಲ.

ಉತ್ತರ 3:
ನಿಮ್ಮ ಡಾಲರ್ ಖಾತೆಯ ಹಳೆಯ ದಾಖಲೆ ಕ್ಯೂಐಎಫ್ (ಹಣಕಾಸು ತಂತ್ರಾಂಶಗಳ ಹಳೆಯ ಫೈಲ್ ಮಾದರಿ) ರೂಪದಲ್ಲಿದ್ದರೆ ಎಚ್ಚರವಿರಲಿ, ಏಕೆಂದರೆ ಆ ಮಾದರಿಯ ವ್ಯವಹಾರಗಳಲ್ಲಿ ಕರೆನ್ಸಿ ಯಾವುದೆಂದು ಬರೆದಿರುವುದಿಲ್ಲ. ಇಂಪೋರ್ಟ್ ಮಾಡುವಾಗ ಡಾಲರ್ ಎಂದು ನೀವೇ ಆರಿಸಬೇಕು. ಎರಡು ವರ್ಷದ್ದನ್ನು ಒಮ್ಮೆಲೇ ತರಬೇಡಿ. ಈಗಿನ ಫೈಲನ್ನು ಪಕ್ಕಕ್ಕಿಟ್ಟು, ಹೊಸ ಫೈಲಿನಲ್ಲಿ ಆರಂಭದ ಶಿಲ್ಕು ಹಾಕಿ, ಒಂದು ತಿಂಗಳದ್ದನ್ನು ಮಾತ್ರ ತಂದು, ಮೂರೂ ಖಾತೆಗಳ ಕೊನೆಯ ಶಿಲ್ಕು ಪೈಸೆ, ಸೆಂಟುಗಳ ತನಕ ಸರಿಬಂದ ಮೇಲೆಯೇ ಮುಂದಿನ ತಿಂಗಳಿಗೆ ಹೋಗಿ.